ಒಪ್ಪಂದವೋ, ಮುಚ್ಚಳಿಕೆಯೋ?

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿಯ ಕಸ ನಿರ್ವಹಣೆಯನ್ನು ಸ್ವಸಹಾಯ ಸಂಘಗಳು ಸೇರಿ ಕಟ್ಟಿಕೊಂಡ ಸಂಜೀವಿನಿ ಮಹಿಳಾ ಒಕ್ಕೂಟಗಳಿಗೆ ವಹಿಸುವ ಏರ್ಪಾಡು ರಾಜ್ಯಕ್ಕೆ ಈಗ ಹೊಸದಲ್ಲ. ಪಂಚಾಯಿತಿ ವಾಹನ, ಕಟ್ಟಡ ಕೊಡುತ್ತದೆ. ಒಕ್ಕೂಟದ ಮಹಿಳೆಯರು ಸ್ವಚ್ಛ ವಾಹಿನಿ ಎಂಬ ಗಾಡಿ ಓಡಿಸಿ ಮನೆ ಮನೆಯಿಂದ ಒಣ ಕಸ ತರುತ್ತಾರೆ, ಸ್ವಚ್ಛ ಸಂಕೀರ್ಣ ಎಂಬ ಶೆಡ್ಡಿನಲ್ಲಿ ವಿಂಗಡಿಸುತ್ತಾರೆ, ಮಾರುವಂಥದ್ದನ್ನು ಮಾರುತ್ತಾರೆ. ಇಬ್ಬರ ನಡುವೆ ಛಾಪಾ ಕಾಗದದ ಮೇಲೆ ಒಂದು ಒಪ್ಪಂದ ಇರುತ್ತದೆ. ಗಾಡಿ ಮೂಲೆಗೆ ನಿಂತಿತು, ನಾಲ್ಕು ತಿಂಗಳಿಂದ ಸಂಬಳವಿಲ್ಲ, ಶೆಡ್ಡಿಗೆ ಬೀಗ ಬಿತ್ತು ಎಂಬ ಸುದ್ದಿ ಬಂದಾಗಲೆಲ್ಲ ಜನ ಕಸ ಬೇರ್ಪಡಿಸುವುದಿಲ್ಲ ಎಂದೋ ಮಹಿಳೆಯರಿಗೆ ಆಸಕ್ತಿ ಕಡಿಮೆಯಾಯಿತು ಎಂದೋ ಮಾತು ಮುಗಿಯುತ್ತದೆ. ಒಪ್ಪಂದದ ಪುಟ ತಿರುವಿ ನೋಡುವವರು ಕಡಿಮೆ.

ತಿರುವಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ನಾವು ಓದಿರುವ ಒಪ್ಪಂದಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಒಕ್ಕೂಟ ಏನೇನು ಮಾಡತಕ್ಕದ್ದು ಎಂಬುದಕ್ಕೆ ಎರಡು ಪುಟ, ಪಂಚಾಯಿತಿ ಏನು ಮಾಡತಕ್ಕದ್ದು ಎಂಬುದಕ್ಕೆ ನಾಲ್ಕು ಸಾಲು. ಆ ನಾಲ್ಕು ಸಾಲಿನಲ್ಲೂ ‘ಅಗತ್ಯ ಸಹಕಾರ ನೀಡುವುದು’, ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಪಾವತಿಸುವುದು’ ಎಂಬಂಥ ಮಾತು. ಮೊತ್ತವಿಲ್ಲ, ತಾರೀಖಿಲ್ಲ, ತಪ್ಪಿದರೆ ಏನು ಎಂಬುದಿಲ್ಲ. ಒಬ್ಬರು ಮಾತ್ರ ಹೊಣೆ ಹೊತ್ತು ಬರೆದುಕೊಡುವ ಕಾಗದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಮುಚ್ಚಳಿಕೆ. ಅದಕ್ಕೆ ಒಪ್ಪಂದ ಎಂದು ತಲೆಬರಹ ಕೊಟ್ಟ ಮಾತ್ರಕ್ಕೆ ಪಾಲುದಾರಿಕೆ ಆಗುವುದಿಲ್ಲ.

ಮೊದಲು ಹಣದ ಲೆಕ್ಕ, ಏಕೆಂದರೆ ಉಳಿದ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದಲೇ. 1,500 ಮನೆಗಳ ಒಂದು ಪಂಚಾಯಿತಿಯನ್ನು ಉದಾಹರಣೆಗೆ ಹಿಡಿಯೋಣ. ಒಂದು ಆಟೊ ಟಿಪ್ಪರ್, ದಿನಕ್ಕೆ 500 ಮನೆಯಂತೆ ವಾರಕ್ಕೆ ಎರಡು ಸುತ್ತು. ಚಾಲಕಿ ಒಬ್ಬರು, ಗಾಡಿಯಲ್ಲೂ ಶೆಡ್ಡಿನಲ್ಲೂ ದುಡಿಯುವ ಸಹಾಯಕಿಯರು ಮೂವರು. ತಲಾ 12,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ತಿಂಗಳಿಗೆ 48,000. ಕನಿಷ್ಠ ವೇತನ ಅದಕ್ಕಿಂತ ಹೆಚ್ಚಿದ್ದರೆ ಕೊಡಬೇಕಾದದ್ದು ಅದನ್ನೇ. ದಿನಕ್ಕೆ 40 ಕಿಲೋಮೀಟರ್‌ನಂತೆ 26 ದಿನಕ್ಕೆ 1,040 ಕಿ.ಮೀ. ನಿಂತು ನಿಂತು ಸಾಗುವ ಗಾಡಿ ಲೀಟರಿಗೆ 12 ಕಿ.ಮೀ. ಕೊಟ್ಟೀತು. ಹಾಗಾಗಿ ಸುಮಾರು 87 ಲೀಟರ್ ಡೀಸೆಲ್, 7,800 ರೂಪಾಯಿ. ಟಯರ್, ಬ್ರೇಕ್, ಹೈಡ್ರಾಲಿಕ್ ರಿಪೇರಿಗೆ ಎತ್ತಿಡಬೇಕಾದದ್ದು 3,000. ವಿಮೆ ಮತ್ತು ಎಫ್‌ಸಿಗೆ (ವಾಹನದ ಅರ್ಹತಾ ಪತ್ರ) ವರ್ಷಕ್ಕೆ 30,000 ಎಂದರೆ ತಿಂಗಳಿಗೆ 2,500. ಕೈಗವಸು, ಮಾಸ್ಕ್, ಸೋಪು, ಗೋಣಿಚೀಲ 2,000. ಶೆಡ್ಡಿನ ಕರೆಂಟು, ನೀರು 1,000. ರಸೀದಿ ಪುಸ್ತಕ, ಲೆಕ್ಕ ಬರೆಯುವವರಿಗೆ 1,500. ಒಟ್ಟು 65,800.

ಈಗ ಆದಾಯ. ಮನೆಗೆ 30 ರೂಪಾಯಿ ಶುಲ್ಕವಿಟ್ಟು ನೂರಕ್ಕೆ ಅರವತ್ತು ಮನೆಯವರು ಕೊಟ್ಟರೆ 27,000. ಮನೆಯೊಂದರಿಂದ ತಿಂಗಳಿಗೆ 2 ಕಿಲೋ ಒಣ ಕಸ ಬಂದರೆ 3 ಟನ್. ಅದರಲ್ಲಿ ಅರ್ಧದಷ್ಟು ಗುಜರಿಗೆ ಹೋಗುವಂಥದ್ದು, ಸರಾಸರಿ ಕಿಲೋಗೆ 8 ರೂಪಾಯಿಯಂತೆ 12,000. ಎರಡೂ ಸೇರಿ 39,000. ಕೊರತೆ 26,800. ಒಂದು ಮನೆಯೂ ಬಿಡದೆ ಶುಲ್ಕ ಕಟ್ಟಿದರೂ ಆದಾಯ 57,000 ದಾಟುವುದಿಲ್ಲ, ಆಗಲೂ 8,800 ಕಡಿಮೆ. ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ, ಕೊರತೆ ಮಾಯವಾಗುವುದು ಅಪರೂಪ. ಕಸದಿಂದ ರಸ ಎಂಬ ಘೋಷಣೆ ಗೋಡೆ ಬರಹಕ್ಕೆ ಚೆನ್ನ. ಬೀದಿ ದೀಪ ಲಾಭ ತರಲಿ ಎಂದು ಯಾರೂ ಕೇಳುವುದಿಲ್ಲ, ಕಸದ ಗಾಡಿಯನ್ನು ಮಾತ್ರ ಕೇಳುತ್ತಾರೆ.

ಹಲವು ಒಪ್ಪಂದಗಳು ಈ ಕೊರತೆಯನ್ನು ದಾಟುವ ಬಗೆ ವಿಚಿತ್ರ. ಆರಂಭದ ಕೆಲವು ತಿಂಗಳು ಪಂಚಾಯಿತಿ ನೆರವು ಕೊಡುವುದು, ನಂತರ ಘಟಕ ‘ಸ್ವಾವಲಂಬಿ’ಯಾಗತಕ್ಕದ್ದು ಎಂದು ಬರೆದು ಸಹಿ ಹಾಕಿಸುತ್ತವೆ. ನೆರವು ನಿಂತ ತಿಂಗಳಿಂದ ಸಂಬಳ ಬಾಕಿ ಶುರು. ಆಗ ಒಕ್ಕೂಟ ಕೈ ಹಾಕುವುದು ತನ್ನ ಸಮುದಾಯ ಬಂಡವಾಳ ನಿಧಿಗೆ. ಆ ನಿಧಿ ಇರುವುದು ಸದಸ್ಯ ಸಂಘಗಳಿಗೆ ಹಸು, ಹೊಲಿಗೆ ಯಂತ್ರ, ಅಂಗಡಿಗೆ ಸಾಲ ಕೊಡಲು. ಅದರಿಂದ ಪಂಚಾಯಿತಿ ಗಾಡಿಗೆ ಡೀಸೆಲ್ ಹಾಕಿಸಿದರೆ ಬಡ ಹೆಣ್ಣುಮಕ್ಕಳು ಸ್ಥಳೀಯ ಸರ್ಕಾರಕ್ಕೆ ಬಡ್ಡಿಯಿಲ್ಲದ ಕೈಸಾಲ ಕೊಟ್ಟಂತೆ. ಸಾಲ ಕೇಳಲು ಬಂದ ಸದಸ್ಯೆ ಬರಿಗೈಯಲ್ಲಿ ಹೋಗುತ್ತಾಳೆ, ಮುಂದಿನ ಒಕ್ಕೂಟ ಸಭೆಯಲ್ಲಿ ಕಸದ ಕೆಲಸವೇ ಬೇಡ ಎಂಬ ಕೂಗೇಳುತ್ತದೆ. ಈ ನಿಧಿಯನ್ನು ಕಸ ನಿರ್ವಹಣೆಗೆ ಬಳಸತಕ್ಕದ್ದಲ್ಲ ಎಂದು ಒಪ್ಪಂದದಲ್ಲೇ ಬರೆಯಬೇಕು. ಅದು ಕಾಗದದ ಮೇಲಷ್ಟೇ ಉಳಿಯದಿರಲು ಎರಡು ತಿಂಗಳ ನಡೆಸುವ ವೆಚ್ಚವನ್ನು, ಮೇಲಿನ ಲೆಕ್ಕದಲ್ಲಿ 1,31,600 ರೂಪಾಯಿಯನ್ನು, ಪಂಚಾಯಿತಿ ಮೊದಲೇ ಮುಂಗಡವಾಗಿ ಇಡಬೇಕು. ಒಪ್ಪಂದ ಮುಗಿದಾಗ ಅದನ್ನು ವಜಾ ಹಾಕಿಕೊಳ್ಳಲಿ.

ನಮ್ಮ ಸಲಹೆ ಸರಳ. ಸಂಬಳವನ್ನು ಶುಲ್ಕ ವಸೂಲಿಯಿಂದ ಬಿಡಿಸಿ. ಪಂಚಾಯಿತಿ ಒಕ್ಕೂಟಕ್ಕೆ ಮನೆಯೊಂದಕ್ಕೆ ತಿಂಗಳಿಗೆ ಇಷ್ಟು ಎಂದು ಸೇವಾ ದರ ಕೊಡಲಿ, ಸಂಗ್ರಹವಾದ ಶುಲ್ಕವೆಲ್ಲ ಪಂಚಾಯಿತಿ ಖಾತೆಗೆ ಹೋಗಲಿ, ಗುಜರಿ ಮಾರಿದ ಹಣ ಒಕ್ಕೂಟದಲ್ಲೇ ಉಳಿಯಲಿ. ಮೇಲಿನ ಉದಾಹರಣೆಯಲ್ಲಿ ಒಟ್ಟು ವೆಚ್ಚ ಮನೆಗೆ ಸುಮಾರು 44 ರೂಪಾಯಿ, ಗುಜರಿ ಆದಾಯ ಕಳೆದರೆ 36. ಅಂದರೆ ಪಂಚಾಯಿತಿ ತಿಂಗಳಿಗೆ 54,000 ಕೊಡುತ್ತದೆ, 27,000 ಶುಲ್ಕ ಅದಕ್ಕೆ ಮರಳುತ್ತದೆ, ನಿವ್ವಳ ಹೊರೆ 27,000. ಈಗಿನ ಕೊರತೆಯೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇಷ್ಟೇ: ಶುಲ್ಕ ಹೆಚ್ಚು ಬಂದರೆ ಪಂಚಾಯಿತಿ ಹೊರೆ ಇಳಿಯುತ್ತದೆ, ಆದ್ದರಿಂದ ವಸೂಲಿ ಮಾಡುವ ಚುರುಕು ಅಧಿಕಾರ ಇರುವವರಿಗೇ ಬರುತ್ತದೆ. ಕಸ ಚೆನ್ನಾಗಿ ವಿಂಗಡಿಸಿದಷ್ಟೂ ಒಕ್ಕೂಟದ ಕೈಗೆ ಕಾಸು ಹೆಚ್ಚು.

ಶುಲ್ಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಾಗಿಲಲ್ಲಿ ನಿಂತ ಮಹಿಳೆಗೆ ಶುಲ್ಕ ಕೇಳುವ ಬಾಯಿ ಇದೆ, ಕೊಡದವರ ಮೇಲೆ ಕ್ರಮ ಜರುಗಿಸುವ ಅಧಿಕಾರವಿಲ್ಲ. ಊರಿನ ದೊಡ್ಡ ಮನೆಯವರು, ಕೆಲವೊಮ್ಮೆ ಸದಸ್ಯರ ಮನೆಯವರೇ ‘ಆಮೇಲೆ ಬಾಮ್ಮ’ ಎಂದರೆ ಆಕೆ ಮಾಡುವುದೇನು? ಆದ್ದರಿಂದ ಒಪ್ಪಂದದಲ್ಲಿ ಕೆಲಸ ಹಂಚಬೇಕು. ರಸೀದಿ ಹರಿದು ಅಥವಾ ಪಂಚಾಯಿತಿ ಖಾತೆಯ ಕ್ಯುಆರ್ ತೋರಿಸಿ ಶುಲ್ಕ ಪಡೆಯುವುದು, ನಗದನ್ನು ವಾರಕ್ಕೊಮ್ಮೆ ಜಮೆ ಮಾಡುವುದು, ಬಾಕಿದಾರರ ಪಟ್ಟಿಯನ್ನು ಪ್ರತಿ ತಿಂಗಳ 5ನೇ ತಾರೀಖು ಕೊಡುವುದು ಒಕ್ಕೂಟದ ಕೆಲಸ. ಪಟ್ಟಿ ಸಿಕ್ಕ 15 ದಿನದೊಳಗೆ ನೋಟಿಸ್ ಕೊಡುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕೆಲಸ. ಕೇರಳದಲ್ಲಿ ಮನೆ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಗೆ ಕೊಡಬೇಕಾದ ಶುಲ್ಕ ಬಾಕಿ ಉಳಿದರೆ ಅದನ್ನು ಕಟ್ಟಡ ತೆರಿಗೆಯ ಜೊತೆ ಸೇರಿಸಿ ವಸೂಲಿ ಮಾಡಲು ಕಾನೂನೇ ಅವಕಾಶ ಕೊಟ್ಟಿದೆ. ಅಲ್ಲಿಯೂ ಮನೆ ಮನೆಗೆ ಹೋಗುವವರು ಆ ರಾಜ್ಯದ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರೇ, ಬೆನ್ನಿಗೆ ಸ್ಥಳೀಯ ಸಂಸ್ಥೆ ನಿಂತಿದೆ.

ಪಂಚಾಯಿತಿ ಈ ಹಣವನ್ನು ಎಲ್ಲಿಂದ ತರಬೇಕು? ಒಪ್ಪಂದ ಬರೆಯುವಾಗಲೇ ಬಾಬ್ತು ಹೆಸರಿಸಬೇಕು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕಷ್ಟೇ ಬಳಸುವಂಥದ್ದು, ಅದರಲ್ಲಿ ಅರ್ಧ ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅನಿರ್ಬಂಧಿತ ಭಾಗವನ್ನು ಸಂಬಳ, ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಒಪ್ಪಂದದಲ್ಲಿ ‘ನಾಲ್ವರ ವೇತನ’ ಎಂದು ಬರೆದು ಇಂಥ ಅನುದಾನದಿಂದ ಪಾವತಿಸಿದ ಕಡೆ ಆಡಿಟ್ ಆಕ್ಷೇಪಣೆ ಬರುವುದು ಇದರಿಂದಲೇ. ಮನೆವಾರು ಸೇವಾ ದರಕ್ಕೆ ನಾವು ಒತ್ತು ಕೊಡಲು ಇದೂ ಒಂದು ಕಾರಣ. ಪಂಚಾಯಿತಿ ಕೊಳ್ಳುತ್ತಿರುವುದು ಸೇವೆಯನ್ನು, ಆ ಮಹಿಳೆಯರು ಅದರ ನೌಕರರಲ್ಲ. ಕೊರತೆಯ ಭಾಗವನ್ನು ಸ್ವಂತ ಸಂಪನ್ಮೂಲದಿಂದ ಕೊಡುವುದಾದರೆ ಅದನ್ನು ವಾರ್ಷಿಕ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆಯಡಿ ತೋರಿಸಬೇಕು. ಕ್ರಿಯಾ ಯೋಜನೆಯಲ್ಲಿ ಇಲ್ಲದ ಹಣವನ್ನು ಒಪ್ಪಂದದಲ್ಲಿ ಬರೆದರೆ ಅದು ಗಾಳಿಗೋಪುರ.

ಬಿಲ್ಲಿನ ದಾರಿಗೂ ತಾರೀಖು ಬೇಕು. ಒಕ್ಕೂಟ ತಿಂಗಳ 3ರೊಳಗೆ ಬಿಲ್ಲು ಕೊಡುವುದು, 7ರೊಳಗೆ ಪರಿಶೀಲನೆ, 10ರೊಳಗೆ ಪಾವತಿ. ಆಕ್ಷೇಪವಿದ್ದರೆ ಆಕ್ಷೇಪಿಸಿದ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಕೊಡುವುದು. ಒಂದು ವೋಚರ್ ಸರಿಯಿಲ್ಲ ಎಂದು ಇಡೀ ತಿಂಗಳ ಹಣ ನಿಲ್ಲಿಸುವುದು ಸರ್ವೇಸಾಮಾನ್ಯವಾಗಿದೆ. ಪಾವತಿಗೆ ಪಿಡಿಒ ಮತ್ತು ಅಧ್ಯಕ್ಷರಿಬ್ಬರ ಸಹಿ ಬೇಕು, ಇಬ್ಬರಲ್ಲಿ ಒಬ್ಬರು ಮುನಿಸಿಕೊಂಡರೂ ಗಾಡಿ ನಿಲ್ಲುತ್ತದೆ. ತಡವಾದರೆ ಬಡ್ಡಿ ಎಂದು ಬರೆಯುವುದು ನ್ಯಾಯವೇ ಆದರೂ ಅದನ್ನು ಕೊಡಲು ಪಿಡಿಒ ಕೈ ನಡುಗುತ್ತದೆ. ಬಡ್ಡಿಯ ಕಲಮಿಗಿಂತ ಮುಂಗಡದ ಕಲಮು ಹೆಚ್ಚು ಕೆಲಸಕ್ಕೆ ಬರುತ್ತದೆ.

ತೆರಿಗೆಯ ಎರಡು ಮಾತು. ಒಕ್ಕೂಟದ ಹೆಸರಿನಲ್ಲಿ ಪ್ಯಾನ್ ಇಲ್ಲದಿದ್ದರೆ ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ ಶೇ 2ರ ಬದಲು ಶೇ 20. 54,000ದ ಬಿಲ್ಲಿನಲ್ಲಿ 1,080 ಹೋಗಬೇಕಾದಲ್ಲಿ 10,800 ಹೋಗುತ್ತದೆ. ಪ್ಯಾನ್ ಇದ್ದರೂ ರಿಟರ್ನ್ ಸಲ್ಲಿಸದಿದ್ದರೆ ಕಡಿತವಾದದ್ದು ವಾಪಸು ಬರುವುದಿಲ್ಲ. ಇನ್ನು ಜಿಎಸ್‌ಟಿ. ಪಂಚಾಯಿತಿಗೆ ಸಂವಿಧಾನದ 243ಜಿ ವಿಧಿಯಡಿ ವಹಿಸಿದ ಕೆಲಸಕ್ಕೆ ಸಂಬಂಧಿಸಿ ಸ್ಥಳೀಯ ಸಂಸ್ಥೆಗೆ ಕೊಡುವ ಶುದ್ಧ ಸೇವೆಗೆ (ಸಾಮಾನು ಪೂರೈಕೆ ಸೇರದ ಸೇವೆ) ವಿನಾಯಿತಿಯಿದೆ. ಬಿಲ್ಲಿನ ಮೇಲೆ ಈ ಒಂದು ಸಾಲು ಬರೆದರೆ ಲೆಕ್ಕಪರಿಶೋಧಕರ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಸಹಿಗೆ ಮೊದಲು ಎರಡೂ ಕಡೆ ಠರಾವು ಆಗಿರಬೇಕು. ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿಯಲ್ಲಿ ದರ, ಅವಧಿ, ಹಣದ ಬಾಬ್ತು, ಮತ್ತು ಟೆಂಡರ್ ಇಲ್ಲದೆ ಒಕ್ಕೂಟಕ್ಕೆ ವಹಿಸಲು ಆಧಾರವಾದ ಸರ್ಕಾರಿ ಆದೇಶದ ಸಂಖ್ಯೆ, ದಿನಾಂಕ ಇರಲಿ. ‘ಒಕ್ಕೂಟಕ್ಕೆ ವಹಿಸಲು ತೀರ್ಮಾನಿಸಲಾಯಿತು’ ಎಂಬ ಒಂದೇ ಸಾಲಿನ ಠರಾವು ಸರ್ಕಾರಿ ಖರೀದಿಗೆ ಟೆಂಡರ್ ಕೇಳುವ 1999ರ ಕೆಟಿಪಿಪಿ ಕಾಯ್ದೆಯ ಪ್ರಶ್ನೆ ಎದ್ದಾಗ ನಿಲ್ಲುವುದಿಲ್ಲ. ಒಕ್ಕೂಟದ ಕಡೆಯೂ ಪದಾಧಿಕಾರಿಗಳ ಸಹಿ ಸಾಲದು, ಮಹಾಸಭೆಯಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದಿರಬೇಕು. ಒಕ್ಕೂಟದ ನೋಂದಣಿ, ವಾರ್ಷಿಕ ಲೆಕ್ಕಪತ್ರ ಸಲ್ಲಿಕೆ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಒಕ್ಕೂಟದ ಪದಾಧಿಕಾರಿಯೇ ಪಂಚಾಯಿತಿ ಸದಸ್ಯೆಯಾಗಿದ್ದರೆ ಆಕೆ ಎರಡೂ ಕಡೆ ಕೂರುವುದು ಬೇಡ, ಆಗ ಬಿಲ್ಲು ಕೊಡುವವರೂ ಮಂಜೂರು ಮಾಡುವವರೂ ಒಬ್ಬರೇ ಆಗುತ್ತಾರೆ. ಒಪ್ಪಂದ ವ್ಯಕ್ತಿಗಳ ಹೆಸರಿನಲ್ಲಿರದೆ ಹುದ್ದೆಗಳ ಹೆಸರಿನಲ್ಲಿರಲಿ. 2020ರ ಡಿಸೆಂಬರ್‌ನಲ್ಲಿ ಚುನಾಯಿತವಾದ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಅವಧಿ 30 ತಿಂಗಳಾಗಿತ್ತು, ಪಿಡಿಒ ವರ್ಗಾವಣೆ ಅದಕ್ಕೂ ಮೊದಲೇ ಆಗಬಹುದು. ‘ಹಿಂದಿನವರು ಮಾಡಿಕೊಂಡದ್ದು, ನಮಗೆ ಗೊತ್ತಿಲ್ಲ’ ಎಂಬ ಮಾತಿಗೆ ಎಡೆ ಇರಬಾರದು. ಅವಧಿ ಮೂರು ವರ್ಷವಾದರೆ ಒಳ್ಳೆಯದು. ತುಟ್ಟಿಭತ್ಯೆ ಪರಿಷ್ಕರಣೆಯಾಗುವ ಪ್ರತಿ ಏಪ್ರಿಲ್‌ನಲ್ಲಿ ಕೂಲಿಯ ಭಾಗವನ್ನೂ, ಡೀಸೆಲ್ ದರ ಶೇ 5ಕ್ಕಿಂತ ಹೆಚ್ಚು ಏರಿಳಿದಾಗ ಇಂಧನದ ಭಾಗವನ್ನೂ ತಿದ್ದಿಕೊಳ್ಳುವ ಕಲಮು ಸೇರಿಸಬೇಕು.

ವಾಹನಕ್ಕೆ ಪ್ರತ್ಯೇಕ ಅನುಬಂಧ ಬೇಕು. ಆರ್‌ಸಿ ಪಂಚಾಯಿತಿ ಹೆಸರಿನಲ್ಲಿರುವುದರಿಂದ ವಿಮೆ, ಎಫ್‌ಸಿ ಎರಡೂ ಪಂಚಾಯಿತಿಯ ಹೊಣೆ ಎಂದು ಬರೆಯಿರಿ, ಮುಗಿಯುವ ದಿನಾಂಕ ನಮೂದಿಸಿ. ಇವುಗಳನ್ನು ಪಂಚಾಯಿತಿಯೇ ಕಟ್ಟಿದರೆ ಸೇವಾ ದರದಿಂದ ಆ 2,500 ಕಳೆಯಿರಿ. ಎಂಟು ವರ್ಷ ತುಂಬುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ವಿಮೆ ಮುಗಿದ ಗಾಡಿ ಅಪಘಾತ ಮಾಡಿದರೆ ಪರಿಹಾರ ಬೀಳುವುದು ಮಾಲೀಕರ ಮೇಲೆ, ಠಾಣೆಗೆ ಅಲೆಯುವುದು ಚಾಲಕಿ. ಲೈಸೆನ್ಸ್ ವಿಷಯದಲ್ಲಿ ಗೊಂದಲ ಬೇಡ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ. ಸಣ್ಣ ರಿಪೇರಿಯ ಮಿತಿಯನ್ನು, ಒಮ್ಮೆಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ, ಒಕ್ಕೂಟಕ್ಕೆ ಬಿಟ್ಟುಕೊಡಿ. ಅದಕ್ಕೆ ಮೇಲ್ಪಟ್ಟದ್ದು ಪಂಚಾಯಿತಿಯದ್ದು, ಏಳು ದಿನದೊಳಗೆ. ಗಾಡಿ ಗ್ಯಾರೇಜಿನಲ್ಲಿದ್ದ ದಿನಗಳಿಗೆ ಬಾಡಿಗೆ ಗಾಡಿ ಯಾರು ತರಬೇಕು, ಆ ದಿನಗಳ ಕೂಲಿ ಕಡಿತವಾಗುತ್ತದೆಯೇ ಎಂಬುದನ್ನೂ ಬರೆಯಿರಿ. ಎಂಟುನೂರು ರೂಪಾಯಿಯ ಕ್ಲಚ್ ಕೇಬಲ್‌ಗೆ ಠರಾವು ಕಾಯುತ್ತ ಗಾಡಿ ಮೂರು ವಾರ ನಿಂತರೆ ಅಷ್ಟರಲ್ಲಿ ಜನ ಕಸವನ್ನು ಹಳೆಯ ಜಾಗಕ್ಕೇ ಸುರಿಯಲು ಶುರು ಮಾಡಿರುತ್ತಾರೆ. ಆ ಅಭ್ಯಾಸ ಬಿಡಿಸಲು ಮತ್ತೆ ಆರು ತಿಂಗಳು.

ಶೆಡ್ಡಿನ ಸಾಮಾನುಗಳ ಪಟ್ಟಿಯೂ ಹೀಗೇ: ತೂಕದ ಯಂತ್ರ, ಬೇಲಿಂಗ್ ಯಂತ್ರ, ವಿಂಗಡಣೆ ಮೇಜು, ಬೆಂಕಿ ಆರಿಸುವ ಸಿಲಿಂಡರ್, ಬೀಗದ ಕೈ ಎಷ್ಟು, ಯಾರ ಬಳಿ. ಹಸ್ತಾಂತರದ ದಿನ ಇಬ್ಬರೂ ನಿಂತು ಪರಿಶೀಲಿಸಿ ಸಹಿ ಮಾಡಬೇಕು. ಒಣ ಪ್ಲಾಸ್ಟಿಕ್ಕಿಗೆ ಬೀಡಿ ಕಿಡಿ ಸಾಕು, ಬೆಂಕಿ ವಿಮೆ ಇಲ್ಲದ ಶೆಡ್ಡುಗಳೇ ಹೆಚ್ಚು.

ಯಾವ ಕಸ ಎತ್ತಬೇಕು ಎನ್ನುವಷ್ಟೇ ಸ್ಪಷ್ಟವಾಗಿ ಯಾವುದನ್ನು ಎತ್ತಬಾರದು ಎಂದೂ ಇರಬೇಕು. ಕೋಳಿ ಅಂಗಡಿಯ ಪುಕ್ಕ, ಕರುಳು, ಕ್ಲಿನಿಕ್ಕಿನ ಸೂಜಿ, ಬ್ಯಾಂಡೇಜು, ಕಟ್ಟಡದ ಅವಶೇಷ, ಕೀಟನಾಶಕದ ಡಬ್ಬಿ. ಇವನ್ನು ಮನೆ ಕಸದ ಗಾಡಿಗೆ ಹಾಕಿಸುವ ಒತ್ತಡ ಪ್ರತಿ ಊರಿನಲ್ಲೂ ಇದೆ. ಪ್ಯಾಡ್, ಡೈಪರ್ ಕಾಗದದಲ್ಲಿ ಸುತ್ತಿ ಬೇರೆ ಕೊಟ್ಟರೆ ಮಾತ್ರ ಸ್ವೀಕಾರ. ಜಾತ್ರೆ, ಸಂತೆ, ಕಲ್ಯಾಣ ಮಂಟಪಕ್ಕೆ ಪ್ರತ್ಯೇಕ ದರ, ಹೆಚ್ಚುವರಿ ಕೂಲಿ. ಇದನ್ನು ಬರೆಯದ ಕಡೆ ಜಾತ್ರೆಯ ಮರುದಿನದ ಎಲೆ-ಲೋಟದ ರಾಶಿ ಉಚಿತ ಸೇವೆಯಾಗುತ್ತದೆ.

ಮಾರಾಟವಾಗದ ಅರ್ಧ ಭಾಗದ ಗತಿ ಒಪ್ಪಂದಗಳಲ್ಲಿ ಕಾಣುವುದೇ ಇಲ್ಲ. ಚಿಪ್ಸ್ ಕವರು, ಹರಿದ ಬಟ್ಟೆ, ಚಪ್ಪಲಿ, ಥರ್ಮೊಕೋಲ್ ಶೆಡ್ಡಿನಲ್ಲಿ ಏರುತ್ತಲೇ ಹೋಗಿ ಕೊನೆಗೆ ಹಿತ್ತಲಿನಲ್ಲಿ ಹೊಗೆಯಾಗುತ್ತವೆ. ತಿಂಗಳಿಗೆ ಒಂದೂವರೆ ಟನ್ ಅಂದರೆ ಲಾರಿ ತುಂಬಲು ಕೆಲವು ತಿಂಗಳು ಬೇಕು. ಅಷ್ಟು ದಿನ ಇಡುವ ಜಾಗ, ಸಿಮೆಂಟ್ ಕಾರ್ಖಾನೆಗೋ ತಾಲ್ಲೂಕು ಘಟಕಕ್ಕೋ ಸಾಗಿಸುವ ಬಾಡಿಗೆ ಯಾರದ್ದು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಕರಾವಳಿಗೆ ಈ ಅನುಕೂಲ ಸ್ವಲ್ಪ ಇದೆ. ಕಾರ್ಕಳ ತಾಲ್ಲೂಕಿನ ನಿಟ್ಟೆ, ಮಂಗಳೂರು ಬಳಿಯ ತೆಂಕ ಎಡಪದವಿನಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕಗಳು ಸುತ್ತಲಿನ ಹಲವು ಪಂಚಾಯಿತಿಗಳ ಒಣ ಕಸ ತೆಗೆದುಕೊಳ್ಳುತ್ತವೆ. ಅಂಥ ಕಡೆ ಘಟಕವನ್ನೂ ಸೇರಿಸಿ ಮೂರು ಪಕ್ಷಗಳ ಒಪ್ಪಂದ ಆಗಬೇಕು, ತೂಕದ ಚೀಟಿ ಮೂರು ಪ್ರತಿಯಲ್ಲಿರಬೇಕು.

ಸುರಕ್ಷತೆಗೆ ಹಣ ಹೆಚ್ಚು ಬೇಡ, ಆದರೂ ಅದೇ ಮೊದಲು ಕೈಬಿಡುವ ಬಾಬ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ, ಅಷ್ಟನ್ನಾದರೂ ಎಲ್ಲರಿಗೂ ಮಾಡಿಸಬೇಕು. ಕೈಗವಸು ತಿಂಗಳಿಗೆ ಎಷ್ಟು ಜೊತೆ, ಧನುರ್ವಾಯು ಚುಚ್ಚುಮದ್ದು ಯಾವಾಗ, ಶೆಡ್ಡಿನಲ್ಲಿ ಶೌಚಾಲಯ, ಸ್ನಾನಕ್ಕೆ ನೀರು ಇದೆಯೇ ಎಂಬುದು ಅನುಬಂಧದಲ್ಲಿರಲಿ.

ಒಕ್ಕೂಟಗಳ ಕಡೆ ತಪ್ಪಿಲ್ಲ ಎಂದಲ್ಲ. ಗುಜರಿಯವರಿಗೆ ಬಿಲ್ಲಿಲ್ಲದೆ ಮಾರುವುದು, ಕೆಲಸವನ್ನು ಪದಾಧಿಕಾರಿಗಳ ನೆಂಟರಿಗೇ ಕೊಡುವುದು, ಹೋಗದ ಬೀದಿಗೂ ಹೋದಂತೆ ಪುಸ್ತಕ ತುಂಬುವುದು ನಡೆಯುತ್ತವೆ. ಅದಕ್ಕೆ ಮದ್ದು ತಿಂಗಳಿಗೆ ಒಂದು ಪುಟದ ವರದಿ: ಮುಟ್ಟಿದ ಮನೆ ಎಷ್ಟು, ಬಗೆವಾರು ತೂಕ, ಮಾರಾಟದ ಬಿಲ್ಲು, ಉಳಿದ ಕಸ, ಶುಲ್ಕ, ಪಂಚಾಯಿತಿ ಕೊಟ್ಟದ್ದು, ಬಾಕಿ. ಅದು ಪಂಚಾಯಿತಿ ಫಲಕದಲ್ಲಿ ತೂಗಲಿ, ಗ್ರಾಮ ಸಭೆಯಲ್ಲೂ ವರ್ಷಕ್ಕೊಮ್ಮೆ ಜನರ ಮುಂದೆ ನಡೆಯುವ ಲೆಕ್ಕ ತಪಾಸಣೆಯಾದ ಜಮಾಬಂದಿಯಲ್ಲೂ ಓದಲ್ಪಡಲಿ. ಬಾಕಿಯ ಕಾಲಂ ಇರುವುದರಿಂದ ಪಂಚಾಯಿತಿಯೂ ಅದೇ ಹಾಳೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ತಕರಾರಿನ ಕಲಮಿನಲ್ಲಿ ಸಾಮಾನ್ಯವಾಗಿ ‘ಕಾರ್ಯನಿರ್ವಾಹಕ ಅಧಿಕಾರಿಯ ತೀರ್ಮಾನವೇ ಅಂತಿಮ’ ಎಂದಿರುತ್ತದೆ. ಪಿಡಿಒ ಮೇಲಧಿಕಾರಿಯೇ ಪಂಚಾಯಿತಿ ವಿರುದ್ಧದ ದೂರಿಗೆ ಕೊನೆಯ ನ್ಯಾಯಾಧೀಶರು. ಮೊದಲು ಏಳು ದಿನದೊಳಗೆ ಜಂಟಿ ಸಭೆ, ಬಗೆಹರಿಯದಿದ್ದರೆ ತಾಲ್ಲೂಕಿನಲ್ಲಿ ಕಾರ್ಯನಿರ್ವಾಹಕ ಅಧಿಕಾರಿ, ಸಂಜೀವಿನಿಯ ತಾಲ್ಲೂಕು ಪ್ರತಿನಿಧಿ, ಬೇರೊಂದು ಪಂಚಾಯಿತಿಯ ಒಕ್ಕೂಟದ ಒಬ್ಬರು ಹೀಗೆ ಮೂವರ ಸಮಿತಿ, ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿ ಸಿಇಒ ಎಂದಾಗಲಿ. ಬಿಟ್ಟು ಹೋಗುವ ಹಕ್ಕು ಇಬ್ಬರಿಗೂ ಸಮನಾಗಿರಲಿ: 60 ದಿನದ ಲಿಖಿತ ನೋಟಿಸ್, 30 ದಿನದೊಳಗೆ ಬಾಕಿ ಚುಕ್ತಾ. ಈಗ ಪಂಚಾಯಿತಿ ಒಂದು ಪತ್ರದಲ್ಲಿ ರದ್ದು ಮಾಡಬಹುದು, ಒಕ್ಕೂಟ ಬಿಟ್ಟರೆ ದಂಡ.

ಇದು ಕಸಕ್ಕಷ್ಟೇ ಸೀಮಿತವಾದ ಮಾತಲ್ಲ. 2002ರಲ್ಲಿ ಶುರುವಾದ ಜಲ ಸಂವರ್ಧನೆ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳಿಗೆ ಕೆರೆಗಳ ನಿರ್ವಹಣೆಯನ್ನು ಒಪ್ಪಿಸಲಾಗಿತ್ತು. ಯೋಜನೆಯ ಹಣ ಇದ್ದಷ್ಟು ದಿನ ಓಡಾಡಿದ ಸಂಘಗಳಲ್ಲಿ ಎಷ್ಟೋ ಆಮೇಲೆ ಹೆಸರಿಗಷ್ಟೇ ಉಳಿದವು. ತೂಬು ರಿಪೇರಿಗೆ ಪ್ರತಿವರ್ಷ ಹಣ ಕೊಡುವವರು ಯಾರು ಎಂಬುದು ಅಲ್ಲೂ ಗಟ್ಟಿಯಾಗಿರಲಿಲ್ಲ.

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಮಾದರಿ ಒಪ್ಪಂದವನ್ನು ತಿದ್ದಿ ಸೇವಾ ದರ, ಮುಂಗಡ, ಪಾವತಿಯ ತಾರೀಖು, ವಾಹನ ವಿಮೆ, ಉಳಿಕೆ ಕಸದ ಸಾಗಣೆ, ಸಮನಾದ ನೋಟಿಸ್ ಈ ಆರನ್ನು ಕಡ್ಡಾಯ ಮಾಡಲಿ ಎಂಬುದು ನಮ್ಮ ಕೋರಿಕೆ. ಅದು ಬರುವವರೆಗೆ ಕಾಯಬೇಕಾಗಿಲ್ಲ, ಎರಡೂ ಕಡೆಯವರು ಒಪ್ಪಿದರೆ ಈಗಿರುವುದಕ್ಕೆ ಪೂರಕ ಒಪ್ಪಂದ ಮಾಡಿಕೊಳ್ಳಬಹುದು. ಅದಕ್ಕೂ ಮುಂಚೆ ಒಕ್ಕೂಟಗಳು ಒಂದು ಕೆಲಸ ಮಾಡಬೇಕು. ಸಹಿಯಾದ ಒಪ್ಪಂದದ ಮೂಲಪ್ರತಿ ಬಹಳ ಕಡೆ ಒಂದೇ ಇರುತ್ತದೆ, ಅದೂ ಪಂಚಾಯಿತಿಯ ಕಪಾಟಿನಲ್ಲಿ. ಅರ್ಜಿ ಬರೆದು ದೃಢೀಕೃತ ಪ್ರತಿ ಪಡೆದುಕೊಳ್ಳಿ, ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ.

— ಒಕ್ಕೂಟಗಳ ಲೆಕ್ಕಪತ್ರ ತರಬೇತಿಯಲ್ಲಿ ತೊಡಗಿರುವ ಕೆಲವರು, ಹಾಸನ